ಕೈ ನೆನೆಸದೆ ಎದ್ದ ಊಟ

ಫ್ರೆಂಚರ ಈರುಳ್ಳಿ ಸೂಪಿನ ವಾಸನೆ ನನಗೆ ಚೆನ್ನಾಗಿ ಗೊತ್ತು, ರುಚಿ ಗೊತ್ತಿಲ್ಲ. ಹೋದ ತಿಂಗಳು ಕೊಯಮತ್ತೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಅವಳ ಮಗಳು ವಿದ್ಯಾ ನನ್ನನ್ನು ಒಂದು ಹೊಸ ಕಾಫಿ ಅಂಗಡಿಗೆ ಕರೆದುಕೊಂಡು ಹೋದಳು. ಕಾಫಿ ಅಂಗಡಿ ಎಂದರೆ ಅವಳಿಗೆ ಸಿಟ್ಟು, ಕೆಫೆ ಅನ್ನಬೇಕಂತೆ. ನಾವು ಕೂತ ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನ ಮೇಜಿಗೆ ಏನೋ ಬಂತು. ಬೆಣ್ಣೆಯಲ್ಲಿ ಕಂದುಬಣ್ಣಕ್ಕೆ ತಿರುಗುವ ತನಕ ಬಾಡಿಸಿದ ಈರುಳ್ಳಿ, ಅದರ ಮೇಲೆ ಬಿಸಿಗೆ ಸೀದ ಚೀಸು. ತಿರುಗಿ ನೋಡುವ ಮೊದಲೇ, “ಅದು ಈರುಳ್ಳಿ ಸೂಪು” ಎಂದುಬಿಟ್ಟೆ.

“ಎಪ್ಪಡಿ ಗೊತ್ತಾಯ್ತು ದೊಡ್ಡಮ್ಮಾ? ನೀವು ಯಾವಾಗ ತಿಂದಿದ್ರಿ?” ಎಂದು ವಿದ್ಯಾ ಕಣ್ಣರಳಿಸಿದಳು.

“ತಿಂದಿಲ್ಲ ಕಣ್ಣು. ಮೂಸಿ ನೋಡಿದೀನಿ, ಅಷ್ಟೆ.”

ಅವಳು ನಕ್ಕಳು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಯಾವ ಮಾತೂ ರುಚಿಸಲಿಲ್ಲ. ತಂಗಿ ತಲೆನೋವಾ ಎಂದು ಕೇಳಿದಳು. ಹೌದೆಂದು ಹೇಳಿ ಮಲಗಿಕೊಂಡೆ.

ನಮ್ಮದು ಸೋಮನೂರಿನ ಹತ್ತಿರದ ಒಂದು ನೇಕಾರರ ಊರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಯಾವ ಕಾಲದಲ್ಲಿ ಯಾವ ಹೊಳೆ ದಾಟಿ ಇಲ್ಲಿಗೆ ಬಂದೆವೋ ಹೇಳುವವರಿಲ್ಲ. ಮಾತಷ್ಟೇ ಉಳಿದಿತ್ತು, ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ಕನ್ನಡ ಬರೆಯಲು ನಾನು ಕಲಿತದ್ದು ಮದುವೆಯಾಗಿ ದಿಂಬಂ ಘಟ್ಟ ಹತ್ತಿ ಚಾಮರಾಜನಗರಕ್ಕೆ ಬಂದ ಮೇಲೆ. ಅಪ್ಪ ಕೈಮಗ್ಗ ಬಿಟ್ಟು ಪವರ್‌ಲೂಮು ಹಾಕಿಕೊಂಡಿದ್ದರು. ಕರೆಂಟು ಇರುವಷ್ಟು ಹೊತ್ತೂ ಮನೆಯೆಲ್ಲ ಟಕಟಕ ಎನ್ನುತ್ತಿತ್ತು, ಆದ್ದರಿಂದ ನಮ್ಮ ಮನೆಯವರೆಲ್ಲ ಕೂಗಿ ಮಾತಾಡುವವರೇ. ಕರೆಂಟು ಹೋದಾಗಲೂ ಆ ಅಭ್ಯಾಸ ಹೋಗುತ್ತಿರಲಿಲ್ಲ. ನಾನು ಕೊಯಮತ್ತೂರಿನಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಿರುಪ್ಪೂರಿನ ಬನಿಯನ್ನುಗಳು ಹಡಗು ಹತ್ತಿ ಯೂರೋಪಿಗೆ ಹೋಗುತ್ತಿವೆಯಂತೆ ಎಂಬ ಸುದ್ದಿ ನಮ್ಮ ಊರಿನ ಟೀ ಅಂಗಡಿಗೂ ಬಂದು ಮುಟ್ಟಿತ್ತು.

ಆ ವರ್ಷ ತಿರುಪ್ಪೂರಿನಲ್ಲಿ ನಮ್ಮವರದೊಂದು ಮದುವೆ. ಊಟದ ಪಂಕ್ತಿಯಲ್ಲಿ ಮಜ್ಜಿಗೆ ಬಡಿಸಲು ಬಂದವನು ಮುಂದಿನ ಎಲೆ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದ. ಮಜ್ಜಿಗೆ ಅನ್ನದ ಮೇಲೆ ಬೀಳದೆ ನನ್ನ ಬಳೆಗಳ ಮೇಲೆ ಬಿತ್ತು. “ಸ್ನಾನ ಮಾಡಿಯೇ ಬಂದಿದೀನಿ” ಎಂದೆ. ನನ್ನ ನಾಲಿಗೆ ಆಗಿನಿಂದಲೂ ಹೀಗೆಯೇ. ಅವನು ಪಾತ್ರೆ ಕೆಳಗಿಟ್ಟು ಜೋರಾಗಿ ನಕ್ಕ. ಅಷ್ಟೇ ನಮ್ಮ ಪರಿಚಯ. ಅವನ ಹೆಸರು ಬಾಲಕೃಷ್ಣ, ಎಲ್ಲರಿಗೂ ಬಾಲು. ತಂದೆ ಇರಲಿಲ್ಲ. ತಾಯಿ ಸರೋಜಮ್ಮ, ಮಗ ಇಬ್ಬರೂ ಸೇರಿ ಒಂದು ಬನಿಯನ್ ಕಂಪನಿ ನಡೆಸುತ್ತಿದ್ದರು. ಅವರದೂ ನಮ್ಮ ಹಾಗೆಯೇ ಕನ್ನಡದ ಮನೆ, ಆದರೆ ಪಟ್ಟಣ ಸೇರಿ ಎರಡು ತಲೆಮಾರಾಗಿತ್ತು.

ಮದುವೆ ಮುಗಿದು ಸ್ವಲ್ಪ ದಿನಕ್ಕೆ ಸರೋಜಮ್ಮನ ಕಡೆಯಿಂದ ಕೇಳಿಕೆ ಬಂತು. ಅಪ್ಪ ವಿಚಾರಿಸಿದರು. ಹುಡುಗ ಕೆಲಸಗಾರ, ಕುಡಿತವಿಲ್ಲ, ತಾಯಿಯ ಮಾತು ಮೀರುವವನಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡು, ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ಅವ್ವ ಬೈಯಲಿಲ್ಲ.

ಇಂಥ ಕೆಲಸಕ್ಕೆ ನಮ್ಮಲ್ಲಿ ನಡುವೆ ಒಬ್ಬರು ಇರಲೇಬೇಕು. ಸೋದರಮಾವನೋ ಊರಿನ ಹಿರಿಯರೋ ಯಾರಾದರೂ ಸರಿ, ಆ ಮನೆಯ ಮಾತನ್ನು ಈ ಮನೆಗೆ, ಈ ಮನೆಯ ಮಾತನ್ನು ಆ ಮನೆಗೆ ಮುಟ್ಟಿಸುವವರು. ಬಾಲುವಿಗೆ ಅದು ಬೇಡವಾಗಿತ್ತು. ಪೊಣ್ಣು ನೋಡುವುದೆಂದು ಬೀದಿಯವರೆಲ್ಲ ಬಂದು ಜಮಖಾನದ ಮೇಲೆ ಕೂತು, ಹುಡುಗಿ ತಟ್ಟೆ ಹಿಡಿದು ಬರುವುದು ತನಗೆ ಪಿಡಿಸುವುದಿಲ್ಲ, ನಾವು ಐದೇ ಜನ ಒಂದು ಕಡೆ ಕೂತು ಊಟ ಮಾಡಿ ಮಾತಾಡೋಣ ಎಂದು ಹೇಳಿಕಳಿಸಿದ. ಜಾಗವನ್ನೂ ಅವನೇ ಗೊತ್ತುಮಾಡಿದ. ಕೊಯಮತ್ತೂರಿನ ಒಂದು ದೊಡ್ಡ ಹೋಟೆಲಿನೊಳಗೆ ಹೊಸದಾಗಿ ತೆರೆದಿದ್ದ ಫ್ರೆಂಚ್ ಊಟದ ಮನೆ.

ನನಗೆ ಹಿಗ್ಗೋ ಹಿಗ್ಗು. ನನ್ನನ್ನು ತಟ್ಟೆ ಹಿಡಿದು ನಿಲ್ಲಿಸಬಾರದೆಂದು ಯೋಚನೆ ಮಾಡುವ ಗಂಡಸು ನಮ್ಮ ಜನದಲ್ಲಿ ಒಬ್ಬನಾದರೂ ಇದ್ದಾನಲ್ಲ! ಅಪ್ಪ ಮೊದಲು ಗೊಣಗಿದರು, ಆಮೇಲೆ “ಕಾಲ ಮಾರಿಹೋಯ್ತು, ಪರವಾಯಿಲ್ಲೆ” ಎಂದು ಒಪ್ಪಿದರು.

ಐಪ್ಪಸಿ ತಿಂಗಳ ಒಂದು ಭಾನುವಾರ. ನಮ್ಮ ಕಡೆ ದೊಡ್ಡ ಮಳೆ ಬರುವುದು ಆಗಲೇ, ದೀಪಾವಳಿಯ ಆಸುಪಾಸಿನಲ್ಲಿ. ತಂಗಿಯನ್ನು ಚಿಕ್ಕಪ್ಪನ ಮನೆಯಲ್ಲಿ ಬಿಟ್ಟು ನಾವು ಮೂವರೂ ಬಸ್ಸಿನಲ್ಲಿ ಗಾಂಧಿಪುರಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದೆವು. ಸೀರೆಯ ನಿರಿಗೆ ಕೆಟ್ಟೀತೆಂದು ಅವ್ವ ನನಗೆ ಬೆಳಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ನಿರಿಗೆಗೂ ಇಡ್ಲಿಗೂ ಏನು ಸಂಬಂಧವೋ ಇವತ್ತಿಗೂ ನನಗೆ ತಿಳಿದಿಲ್ಲ. ಆಟೋದ ಎರಡು ಕಡೆಯಿಂದಲೂ ಎರಚಲು ಹೊಡೆದು ನಿರಿಗೆ ಹೇಗೂ ಕೆಟ್ಟಿತು.

ಹೋಟೆಲಿನ ಬಾಗಿಲಲ್ಲಿ ರುಮಾಲು ಕಟ್ಟಿದವನು ಸಲಾಮು ಹೊಡೆದ. ಜರಿಯಂಚಿನ ಪಂಚೆ, ಹೆಗಲ ಮೇಲೆ ಟವೆಲು ಹಾಕಿದ್ದ ಅಪ್ಪ ಅವನಿಗೂ ಸಲಾಮು ಹೊಡೆದು ಒಳಗೆ ಬಂದರು. ಊಟದ ಮನೆಯನ್ನು ನೋಡಿ ನಾವು ಮೂವರೂ ಬಾಗಿಲಲ್ಲೇ ನಿಂತುಬಿಟ್ಟೆವು. ನೆಲಕ್ಕೆ ಕಪ್ಪು ಬಿಳುಪು ಚೌಕದ ಕಲ್ಲು. ಗೋಡೆಗೆ ಒತ್ತಿ ಹಾಕಿದ ಕೆಂಪು ಚರ್ಮದ ಉದ್ದನೆಯ ಆಸನ, ಅದರ ಮೇಲೆ ಫಳಫಳ ಹಿತ್ತಾಳೆಯ ಕಂಬಿ, ಅದರ ಮೇಲೆ ಚಾವಣಿಯ ತನಕ ಕನ್ನಡಿ. ಬಡಿಸುವವರು ಕಪ್ಪು ಅಂಗಿಯ ಮೇಲೆ ಹಿಮ್ಮಡಿ ಮುಟ್ಟುವ ಬಿಳಿ ಮುಂಗವಚ ಕಟ್ಟಿಕೊಂಡಿದ್ದರು. “ಗಂಡಸರು ಸೀರೆ ಉಟ್ಟ ಹಾಗಿದೆ” ಎಂದು ಅವ್ವ ಪಿಸುಗುಟ್ಟಿದಳು. ಅವಳ ಪಿಸುಮಾತೆಂದರೆ ಮಗ್ಗದ ಸದ್ದನ್ನು ಮೀರಿಸುವಂಥದ್ದು, ಎಲ್ಲರಿಗೂ ಕೇಳಿಸಿತು.

ಬಾಲು ಎದ್ದು ಬಂದು, “ವಾಂಗೊ ಮಾಮಾ, ವಾಂಗೊ” ಎಂದು ಅಪ್ಪನ ಕೈ ಹಿಡಿದು ಕರೆದುಕೊಂಡು ಹೋದ. ಸರೋಜಮ್ಮ ಅವ್ವನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಎತ್ತರದ ಹೆಂಗಸು, ದಪ್ಪ ಕನ್ನಡಕ, ಅಳೆದು ಮಾತಾಡುವ ಬಾಯಿ. ಮಾತೆಲ್ಲ ಚೆನ್ನಾಗಿಯೇ ಸಾಗಿತು. ನೂಲಿನ ದರ, ಕರೆಂಟಿನ ಕಾಟ, ಯಾರ ಮನೆಯ ಹೆಣ್ಣು ಯಾರ ಮನೆಗೆ ಹೋಯಿತು ಎಂಬುದು. ಬಾಲು ನನ್ನ ಕಡೆ ತಿರುಗಿ, ಇಂಥ ಜಾಗಕ್ಕೆ ಬ್ರಾಸರಿ ಎನ್ನುತ್ತಾರೆ, ಪ್ಯಾರಿಸಿನಲ್ಲಿ ಇದು ದೊಡ್ಡವರ ಜಾಗವೇ ಅಲ್ಲ, ಗಾಂಧಿಪುರದ ಮೆಸ್ಸಿನ ಹಾಗೆ ಕೂಲಿಯವರೂ ಗುಮಾಸ್ತರೂ ಬಂದು ಕೂರುತ್ತಾರೆ ಎಂದು ಹೇಳಿದ. ಬನಿಯನ್ ಕೊಳ್ಳುವವರ ಕರೆಯ ಮೇಲೆ ಅವನು ಒಂದೇ ಒಂದು ಸಲ ಅಲ್ಲಿಗೆ ಹೋಗಿಬಂದಿದ್ದನಂತೆ. ಚಳಿಯಲ್ಲಿ, ಭಾಷೆ ಬಾರದೆ, ಒಬ್ಬನೇ ಕೂತು ಈ ಸೂಪು ಕುಡಿದನಂತೆ. “ಯಾರನ್ನಾದರೂ ಜೊತೆಗೆ ಕೂರಿಸಿಕೊಂಡು ಇದನ್ನ ಕುಡೀಬೇಕು ಅಂತ ಆವತ್ತೇ ಅಂದ್ಕೊಂಡೆ” ಎಂದ. ಆ ‘ಯಾರನ್ನಾದರೂ’ ಈಗ ನಾನೇ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಕಿವಿಯೆಲ್ಲ ಬಿಸಿಯಾಯಿತು.

ಸೂಪು ಬಂತು. ಅವನು ಬೆಳಗ್ಗೆಯೇ ಬಂದು ಅಡುಗೆಯವರ ಹತ್ತಿರ ನಿಂತು, ನಾವು ಮಾಂಸ ಮುಟ್ಟದವರು, ಬರೀ ತರಕಾರಿ ಬೇಯಿಸಿದ ನೀರಿನಲ್ಲೇ ಮಾಡಬೇಕೆಂದು ಮಾಡಿಸಿದ್ದನಂತೆ. ಜೊತೆಗೆ ಒನಕೆಯ ತುಂಡಿನಂಥ ಉದ್ದನೆಯ ಬ್ರೆಡ್ಡು, ಕೆನೆಯಲ್ಲಿ ಬೆಂದ ಆಲೂಗಡ್ಡೆ, ಎಳೆ ಹುರುಳಿಕಾಯಿ. ಬಡಿಸುವವನು ಅಪ್ಪನ ತೊಡೆಯ ಮೇಲೆ ಹಾಸಿದ ಬಟ್ಟೆಯನ್ನು ಅವರು ಮಡಿಸಿ ಟವೆಲಿನ ಜೊತೆ ಹೆಗಲ ಮೇಲೆ ಹಾಕಿಕೊಂಡರು. ಬಾಲು ಕಾಣದವನಂತೆ ತನ್ನದನ್ನೂ ತೆಗೆದು ಹೆಗಲ ಮೇಲೆ ಹಾಕಿಕೊಂಡ. ಆ ಒಂದು ಗಳಿಗೆಯಲ್ಲಿ ನನ್ನ ಮನಸ್ಸು ಪೂರ್ತಿಯಾಗಿ ಅವನದಾಯಿತು. ಈ ವಯಸ್ಸಿನಲ್ಲಿ ಇದನ್ನು ಹೇಳಲು ಎಂಥ ನಾಚಿಕೆ? ಆಯಿತು, ಅಷ್ಟೆ.

“ಸಾಪಿಡುಂಗೊ ಮಾಮಾ” ಎಂದ ಬಾಲು.

ಅಪ್ಪ ಎರಡೂ ಕೈಗಳನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. “ನಮಗೆಲ್ಲ ಆಗಿದೆ ತಂಬೀ. ನೀವು ತಿನ್ನಿ. ನಾವು ನೀರು ಕುಡೀತೀವಿ” ಎಂದರು.

ಓದುವವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಹೆಣ್ಣುಗಂಡಿನ ಮಾತು ಮುಗಿದು ಎರಡು ಕಡೆಯವರೂ ‘ಆಗಲಿ’ ಎನ್ನುವ ತನಕ ಒಬ್ಬರ ಅನ್ನದಲ್ಲಿ ಇನ್ನೊಬ್ಬರು ಕೈ ನೆನೆಸುವುದಿಲ್ಲ. ನೀರು ಕುಡಿಯಬಹುದು, ಅಷ್ಟೆ. ಉಂಡರೆ ಒಪ್ಪಿದ ಹಾಗೆ. ಉಣ್ಣದಿದ್ದರೆ ಇನ್ನೂ ಒಪ್ಪಿಲ್ಲವೆಂದೋ, ಒಪ್ಪುವುದಿಲ್ಲವೆಂದೋ ಎದುರಿನವರು ತಿಳಿಯಬೇಕು. ಅಪ್ಪನ ಲೆಕ್ಕದಲ್ಲಿ ಕರೆದವರು ಯಾರೋ ಅವರದೇ ಎಲೆ, ಅದು ಮನೆಯಾದರೇನು, ಹೋಟೆಲಾದರೇನು. ಸಂಬಂಧ ಬೇಡವಾಗಿದ್ದರೆ ಅವರು ಬರುತ್ತಲೇ ಇರಲಿಲ್ಲ. ಬೇಕಾಗಿತ್ತು ಎಂದೇ, ಒಂದು ಕೊಂಕೂ ಬರಬಾರದು ಎಂದೇ, ಅಷ್ಟು ಕಟ್ಟುನಿಟ್ಟಾಗಿ ಕೂತರು. ಅದನ್ನು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಹೇಳಿದರೆ, ಈಗಲೇ ಒಪ್ಪಿಗೆ ಕೊಡಿ ಎಂದು ಗಂಡಿನ ಕಡೆಯವರ ಕತ್ತು ಹಿಡಿದ ಹಾಗಾಗುತ್ತದೆ. ನಡುವೆ ಒಬ್ಬ ಹಿರಿಯನಿದ್ದಿದ್ದರೆ ಸರೋಜಮ್ಮನ ಕಿವಿಯಲ್ಲಿ ಎರಡು ಮಾತು ಹಾಕಿ ಮುಗಿಸಿಬಿಡುತ್ತಿದ್ದ.

ಸರೋಜಮ್ಮ ಒತ್ತಾಯ ಮಾಡಿದರು. ಅವ್ವ ಅಪ್ಪನ ಮುಖ ನೋಡಿದಳು, ಅಪ್ಪ ನೀರಿನ ಲೋಟ ನೋಡಿದರು. ಬಾಲು ಇನ್ನೊಂದು ಸಲ ಕರೆದ, ಮತ್ತೊಂದು ಸಲ ಕರೆದ. ಕೊನೆಗೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, “ರುಕ್ಮಿಣೀ, ನೀವಾದ್ರೂ ಒಂದು ಚಮಚ” ಎಂದ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ಹೆಣ್ಣುಮಕ್ಕಳ ಪಾಲಿಗೆ ಆ ಗಾದೆಯನ್ನು ಯಾರೂ ಬರೆದಂತಿಲ್ಲ. ಬಟ್ಟಲಿನಿಂದ ಹಬೆ ಏಳುತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಬಾಯಲ್ಲಿ ನೀರು ಬಂದದ್ದು ಎದುರಿಗಿದ್ದವರಿಗೆ ಕಾಣಿಸುತ್ತದೇನೋ ಎಂದು ತುಟಿ ಬಿಗಿಹಿಡಿದಿದ್ದೆ. ಅಪ್ಪನ ಕಡೆ ನೋಡಿದೆ. ಅವರು ತಲೆಯೆತ್ತಲಿಲ್ಲ. “ಬೇಡ” ಎಂದೆ.

ಮದುವೆಮನೆಯಲ್ಲಿ ಬಳೆಯ ಮೇಲೆ ಮಜ್ಜಿಗೆ ಬಿದ್ದಾಗ ಅಷ್ಟು ಚುರುಕಾಗಿದ್ದ ನಾಲಿಗೆಗೆ ಆ ದಿನ ಸಿಕ್ಕಿದ್ದು ಅದೊಂದೇ ಮಾತು. ಆ ಮೇಜಿನಲ್ಲಿ ನಾನು ಅವನಿಗೆ ಹೇಳಿದ ಮಾತೂ ಅದೊಂದೇ.

ಬಾಲು ಎರಡು ಚಮಚ ಸೂಪು ಕುಡಿದು ನಿಲ್ಲಿಸಿದ. ಸರೋಜಮ್ಮ ಬ್ರೆಡ್ಡನ್ನು ಮುರಿದು ಮುರಿದು ತಟ್ಟೆಯ ಅಂಚಿನಲ್ಲಿ ಇಟ್ಟರು. ಸೂಪಿನ ಮೇಲಿನ ಚೀಸು ಗಟ್ಟಿಯಾಯಿತು. ಬಡಿಸುವವನು ಬಂದು, “ನಲ್ಲಾ ಇಲ್ಲೀಂಗಳಾ?” ಎಂದು ಕೇಳಿದ. ಚೆನ್ನಾಗಿಲ್ಲವೇ ಎಂದು. ತುಂಬಿದ ಬಟ್ಟಲುಗಳನ್ನು ಅವನು ಒಂದೊಂದಾಗಿ ಎತ್ತಿಕೊಂಡು ಹೋಗುವಾಗ ನನಗೆ ಅಳು ಬರುವಂತಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಅಳುತ್ತಾರೆ, ನಮ್ಮದು ಕೈಗೂ ಬರದೆ ಹೋಯಿತು. ಹೊರಡುವಾಗ ಬಾಲು ಕೊಡೆ ಹಿಡಿದು ಆಟೋದ ತನಕ ಬಂದ. ಅಪ್ಪನಿಗೆ ಕೈ ಮುಗಿದ. ನನ್ನ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ಅಪ್ಪ ಖುಷಿಯಾಗಿದ್ದರು. “ತಂಗಮಾನ ಹುಡುಗ, ಚಿನ್ನದಂಥವನು. ಎಷ್ಟು ಮರ್ಯಾದೆ, ನೋಡಿದೆಯಾ?” ಎಂದು ಅವ್ವನಿಗೆ ಹೇಳಿದರು. “ಒಂದು ವಾರದಲ್ಲಿ ಸೊಲ್ಲಿ ಅನುಪ್ಪಿಸ್ತಾರೆ ನೋಡು. ಅವರು ಮಾತು ಕಳಿಸಲಿ, ಆಮೇಲೆ ನಮ್ಮನೆಯಲ್ಲಿ ಎಲೆ ಹಾಕಿ ಬಡಿಸೋಣ. ಊರೇ ನೋಡಬೇಕು.”

ಮಾರನೆಯ ದಿನವೇ ಮನೆಗೆ ಸುಣ್ಣ ಹೊಡೆಸಲು ಶುರುಮಾಡಿದರು, ಐಪ್ಪಸಿ ಮಳೆಯಲ್ಲಿ! ಗೋಡೆ ಒಣಗುವುದಕ್ಕೆ ಬಿಸಿಲೇ ಇಲ್ಲ. ಒಂದು ಕಡೆ ಹೊಡೆದರೆ ಇನ್ನೊಂದು ಕಡೆ ಇಳಿದುಬರುತ್ತಿತ್ತು. ಸುಣ್ಣದವನು, “ಮಳೆ ನಿಂತು, ಪೊಂಗಲಿನ ತೈ ತಿಂಗಳಿಗೆ ಹೊಡೀಬಹುದಲ್ಲೀಂಗ?” ಎಂದು ಗೋಗರೆದ. ಅಪ್ಪ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆ ಹಸಿ ಸುಣ್ಣದ ವಾಸನೆಯೇ ನನಗೆ ಮದುವೆಮನೆಯ ವಾಸನೆಯಾಗಿತ್ತು. ತಿರುಪ್ಪೂರಿನ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ನಿಲ್ಲುತ್ತಿತ್ತು. ಅದು ಬಂದಾಗಲೆಲ್ಲ ನನಗೆ ಹೊರಗೆ ಏನಾದರೊಂದು ಕೆಲಸ ಬರುತ್ತಿತ್ತು. ಬಟ್ಟೆ ಒಣಹಾಕುವ ನೆಪ ಮಾತ್ರ ಮಳೆಯಲ್ಲಿ ನಡೆಯುತ್ತಿರಲಿಲ್ಲ.

ವಾರ ಹೋಯಿತು, ದೀಪಾವಳಿ ಹೋಯಿತು. ಕಾರ್ತಿಗೆ ದೀಪ ಹಚ್ಚಿದ ದಿನ ಅವ್ವ ತಾಳ್ಮೆಗೆಟ್ಟು, “ಏನುಂಗ, ಒಂದು ನಡೆ ಹೋಗಿ ಕೇಳಿಬಂದ್ರೆ ಏನು ತಪ್ಪು?” ಎಂದಳು.

“ಪೊಣ್ಣನ್ನ ತಲೆ ಮೇಲೆ ಹೊತ್ಕೊಂಡು ಬೀದೀಲಿ ಕೂಗಲಾ?” ಎಂದು ಅಪ್ಪ ರೇಗಿದರು. “ನೋಡ್ಬಿಟ್ಟು ಹೋದವರು ಅವರು. ಮಾತು ಕಳಿಸಬೇಕಾದವರು ಅವರು ತಾನೆ?”

ನ್ಯಾಯವೇ. ಹೆಣ್ಣು ನೋಡಿದ ಮೇಲೆ ಗಂಡಿನ ಕಡೆಯಿಂದಲೇ ಮಾತು ಬರುವುದು ಪದ್ಧತಿ. ತಿರುಪ್ಪೂರೆಂದರೆ ಒಂದು ಗಂಟೆಯ ದಾರಿಯೂ ಅಲ್ಲ. ಬಿ.ಎ. ಓದಿದ ನನಗೆ ಬಸ್ಸು ಹತ್ತಿ ಹೋಗಿ ಅವನ ಕಂಪನಿಯ ಬಾಗಿಲಲ್ಲಿ ನಿಲ್ಲಬಹುದೆಂಬ ಯೋಚನೆ ಬಂದದ್ದುಂಟು. ಬಂತು, ಹೋಯಿತು. ಆ ಕಾಲದಲ್ಲಿ ನಮ್ಮ ಊರಿನಿಂದ ಯಾವ ಹುಡುಗಿಯೂ ಹಾಗೆ ಹೋಗಿರಲಿಲ್ಲ, ಮೊದಲನೆಯವಳಾಗುವ ಧೈರ್ಯ ನನಗಿರಲಿಲ್ಲ. ಮಾರ್ಗಳಿ ಬಂತು, ಅಂದರೆ ಧನುರ್ಮಾಸ. ಆ ತಿಂಗಳು ಮದುವೆಯ ಮಾತನ್ನೇ ಎತ್ತುವಂತಿಲ್ಲ. ಅದಕ್ಕೇ ಸುಮ್ಮನಿದ್ದಾರೆ, ತೈ ಹುಟ್ಟಿದರೆ ದಾರಿ ಹುಟ್ಟುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ತೈ ಹುಟ್ಟಿತು. ಸೋಮನೂರಿನ ನೂಲಿನ ಅಂಗಡಿಗೆ ಹೋದ ಅಪ್ಪ ಮಧ್ಯಾಹ್ನಕ್ಕೇ ಹಿಂದಿರುಗಿ ಬಂದು ಜಗಲಿಯ ಮೇಲೆ ಕೂತರು. ಬಾಲುವಿಗೆ ಈರೋಡಿನ ಕಡೆಯ ಹುಡುಗಿ ಗೊತ್ತಾಗಿದೆಯೆಂದು ಅಂಗಡಿಯಲ್ಲಿ ಯಾರೋ ಹೇಳಿದರಂತೆ. “ನಮ್ಮನ್ನ ಪಿಡಿಸಲಿಲ್ಲ ಅವರಿಗೆ. ಹಳ್ಳಿಯವರು ಅಂತ ಇರಬೇಕು” ಎಂದು ಅಪ್ಪ ತಮ್ಮ ಪಂಚೆಯ ಅಂಚನ್ನು ನೋಡಿಕೊಂಡರು. ಬಾಗಿಲಲ್ಲಿ ಸಲಾಮು ಹೊಡೆದದ್ದು, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡದ್ದು ಇಂಥವನ್ನೆಲ್ಲ ಒಂದೊಂದಾಗಿ ಎತ್ತಿ, ಅದಕ್ಕೇ ಇರಬೇಕು, ಇದಕ್ಕೇ ಇರಬೇಕು ಎಂದು ಎಷ್ಟೋ ದಿನ ಕೊರಗಿದರು. ಉಣ್ಣದೆ ಎದ್ದುಬಂದದ್ದು ಅವರ ಎಣಿಕೆಗೆ ಬರಲೇ ಇಲ್ಲ, ಅವರ ಪ್ರಕಾರ ಆ ದಿನ ಸರಿಯಾಗಿ ನಡೆದದ್ದು ಅದೊಂದೇ. ನಾನು ಮಗ್ಗದ ಕೋಣೆಗೆ ಹೋಗಿ ಅತ್ತೆ. ಮಗ್ಗ ಓಡುತ್ತಿದ್ದರೆ ಅಳುವುದು ಸುಲಭ, ಯಾರಿಗೂ ಕೇಳಿಸುವುದಿಲ್ಲ. ಆ ದಿನ ಮಾತ್ರ ಕರೆಂಟು ಹೋಗದಿರಲಿ ಎಂದು ಬೇಡಿಕೊಂಡೆ.

ಮರುವರ್ಷ ನನ್ನ ಮದುವೆಯಾಯಿತು. ನಡುವೆ ಸೋದರಮಾವ ಇದ್ದ, ಮಾತುಗಳು ಅತ್ತಿಂದಿತ್ತ ಸರಾಗವಾಗಿ ಓಡಾಡಿದವು. ನಮ್ಮ ಯಜಮಾನರು ಒಳ್ಳೆಯವರು. ಅಕ್ಷರ ಕಲಿಸಿದರು, ನನ್ನ ನಾಲಿಗೆಯನ್ನು ಸಹಿಸಿಕೊಂಡರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೂ ಆಗದೆ ಹೋದ ಒಂದು ಬದುಕು ಆದ ಬದುಕಿನ ಪಕ್ಕದಲ್ಲೇ ಸುಮ್ಮನೆ ಕೂತಿರುತ್ತದೆ, ಎದ್ದು ಹೋಗು ಎಂದರೆ ಹೋಗುವುದಿಲ್ಲ.

ದಶಕದ ಕೊನೆಯ ಹೊತ್ತಿಗೆ, ಅಪ್ಪ ತೀರಿಕೊಂಡ ಮೇಲೆ, ಪೊಳ್ಳಾಚಿಯಲ್ಲಿ ನಮ್ಮವರದೊಂದು ಗೃಹಪ್ರವೇಶಕ್ಕೆ ಹೋಗಿದ್ದೆ. ತೆಂಗಿನ ತೋಟದ ನಡುವೆ ಹೊಸ ಮನೆ. ಅಂಗಳದ ಚಪ್ಪರದಲ್ಲಿ ನಾನೊಬ್ಬಳೇ ಕೂತಿದ್ದಾಗ ಎತ್ತರದ ಹೆಂಗಸೊಬ್ಬರು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಕನ್ನಡಕ ಇನ್ನೂ ದಪ್ಪವಾಗಿತ್ತು. ನಾನು ಗುರುತು ಹಿಡಿದೆ, ಅವರೂ ಹಿಡಿದರು. ಎದ್ದು ಹೋಗುವುದೋ ಬೇಡವೋ ತಿಳಿಯದೆ ಕೂತೇ ಇದ್ದೆ.

“ಚೆನ್ನಾಗಿದೀಯಾ ಅಮ್ಮಾ?” ಎಂದು ಸರೋಜಮ್ಮ ಕೇಳಿದರು. ಮಕ್ಕಳೆಷ್ಟು ಎಂದು ಕೇಳಿದರು. ಅಪ್ಪ ಹೋದದ್ದನ್ನು ಕೇಳಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ, “ದೊಡ್ಡ ಮನುಷ್ಯರು. ಆದ್ರೂ ನಮ್ಮನ್ನ ಯಾಕೆ ಬೇಡ ಅಂದ್ರು ಅಂತ ನಂಗೆ ಇವತ್ತಿಗೂ ತಿಳೀಲಿಲ್ಲ” ಎಂದರು.

ನನಗೆ ಅರ್ಥವಾಗಲಿಲ್ಲ. “ಅಪ್ಪ ಯಾವಾಗ ಬೇಡ ಅಂದ್ರು?”

“ಇನ್ನು ಹೇಗೆ ಅನ್ನಬೇಕಮ್ಮಾ? ಮನೆಗೆ ಕರೆದಿದ್ರೆ ಪದ್ಧತಿ ಅಂತ ಅಂದ್ಕೋತಿದ್ದೆ. ಹೋಟೆಲು ಯಾರ ಮನೆ? ಅಲ್ಲಿ ಕೂಡ ಮೂರು ಜನ ಕೈ ನೆನೆಸದೆ ಎದ್ದಿರಿ. ಮುಖದ ಮೇಲೆ ಹೇಳೋಕಾಗದೆ ಹೀಗೆ ಸೊಲ್ಲಿದರು ಅಂತ ನಾನು ಬಾಲುಗೆ ಹೇಳ್ದೆ. ಅವನು ನಂಬಲಿಲ್ಲ. ಅವರೇ ಮಾತು ಕಳಿಸ್ತಾರೆ, ಇರಮ್ಮಾ, ಇರಮ್ಮಾ ಅಂತ ಮಾರ್ಗಳಿ ಮುಗಿಯೋ ತನಕ ಕಾದ.”

ಅವನೂ ಕಾದಿದ್ದ. ಅಪ್ಪ ಸುಣ್ಣ ಹೊಡೆಸಿಕೊಂಡು ಕಾದಂತೆ, ನಾನು ಬಸ್ಸು ನೋಡಿಕೊಂಡು ಕಾದಂತೆ, ಅಲ್ಲಿ ಅವನೂ ಕಾದಿದ್ದ.

ಸರೋಜಮ್ಮ ನನ್ನ ಕೈ ಹಿಡಿದುಕೊಂಡರು. “ಅವನು ಅಷ್ಟು ಕೇಳಿದಾಗ ನೀನಾದ್ರೂ ಒಂದು ಚಮಚ ತಿಂದಿದ್ರೆ ಸಾಕಾಗಿತ್ತಲ್ಲ ತಾಯಿ.”

“ತುಂಬಾ ಹಸಿವಾಗಿತ್ತು ಅತ್ತೆ” ಎಂದೆ.

ಅವರನ್ನು ನಾನು ಯಾವತ್ತೂ ಹಾಗೆ ಕರೆದವಳಲ್ಲ. ಕರೆಯುವ ಹಕ್ಕೂ ನನಗಿರಲಿಲ್ಲ. ಹಿಡಿದ ಕೈಯನ್ನು ಸರೋಜಮ್ಮ ಬಿಡಲಿಲ್ಲ. ಅಷ್ಟರಲ್ಲಿ ಚಪ್ಪರದ ಬಾಗಿಲಿನಿಂದ ಬಾಲುವಿನ ಹೆಂಡತಿ, “ಅತ್ತೇ, ಕಾರು ಬಂತು, ಬನ್ನಿ” ಎಂದು ಕರೆದಳು. ಸರೋಜಮ್ಮ ನನ್ನ ಮುಖವನ್ನೇ ನೋಡುತ್ತಾ, “ಬಂದೆಮ್ಮಾ” ಎಂದರು.